ಭಾವನ ಶೇಕಡಾ ಒಂದು

ನನ್ನ ಅಕ್ಕ ದೇವಿರಮ್ಮನ ಗಂಡ ಹೊನ್ನಯ್ಯನವರನ್ನು ನಾನು ಹಾಲುಹಲ್ಲು ಬಿದ್ದ ಕಾಲದಿಂದ ಗೇಲಿ ಮಾಡುತ್ತಾ ಬಂದಿದ್ದೇನೆ. ಬಾಮೈದನಾದವನಿಗೆ ಅಕ್ಕನ ಮದುವೆಯ ದಿನವೇ ಸಿಗುವ ಹಕ್ಕು ಅದು. ಬಳಸದೆ ಬಿಟ್ಟರೆ ಭಾವನಿಗೇ ಬೇಜಾರಾಗುತ್ತದೆ. ನಾನು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಹೆಸರು ಶಿವರಾಜು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವಳು ಹೇಳುತ್ತಾಳೆ. ಅಂಥ ನನಗೂ ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡು ಒಂದು ಹೊತ್ತಿನ ಊಟ ಬಿಡಲು ಇದುವರೆಗೆ ಆಗಿಲ್ಲ.

ಭಾವ ಕೆರಗೋಡು ಕಡೆಯವರು. ಗದ್ದೆ, ಕಬ್ಬು ಎರಡೂ ಇದ್ದ ಮನೆ. ಅದನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು, ಐಟಿಐ ಓದಿ, ಪವರ್‌ಹೌಸು ಸೇರಿದರು. ‘ಬ್ಲಫ್ ಹತ್ತಿರ ಪವರ್‌ಹೌಸಿನಲ್ಲಿದ್ದೀನಿ’ ಎಂದು ಅವರು ಹೇಳಿದರೆ ಕೇಳಿದವರು ಅಲ್ಲಿ ಜಲಪಾತದ ಬಳಿಯಿರುವ ದೊಡ್ಡ ಸರ್ಕಾರಿ ಪವರ್‌ಹೌಸು ಎಂದೇ ತಿಳಿದುಕೊಳ್ಳುತ್ತಿದ್ದರು. ಭಾವ ತಿದ್ದಲು ಹೋಗುತ್ತಿರಲಿಲ್ಲ. ಹೆಣ್ಣು ನೋಡಲು ಬಂದಾಗ ನಮ್ಮಪ್ಪನೂ ಹಾಗೇ ತಿಳಿದುಕೊಂಡು ಖುಷಿಪಟ್ಟದ್ದು. ನಿಜಕ್ಕೂ ಅದು ಹೊಳೆಯ ಕೆಳದಂಡೆಯಲ್ಲಿದ್ದ ಒಂದು ಸಣ್ಣ ಖಾಸಗಿ ಪವರ್‌ಹೌಸು. ಎರಡು ಮಷೀನು, ಒಂದು ಕಂಟ್ರೋಲ್ ರೂಮು, ನಾಲ್ಕಾರು ಕ್ವಾರ್ಟರ್ಸು, ಎಲ್ಲರಿಗೂ ಸೇರಿ ಒಂದು ನಲ್ಲಿ. ಅಕ್ಕ ಅಲ್ಲಿ ಸಂಸಾರ ಹೂಡಿದ ಮೇಲೆ ಬೇಸಿಗೆ ರಜೆಗೆಲ್ಲ ನಾನು ಅಲ್ಲೇ ಬಿದ್ದಿರುತ್ತಿದ್ದೆ.

ಕಂಟ್ರೋಲ್ ರೂಮಿನ ಕೆಲಸ ಹೊರಗಿನಿಂದ ನೋಡಿದವರಿಗೆ ಕೆಲಸವೇ ಅಲ್ಲ. ಗೋಡೆ ತುಂಬ ಮೀಟರುಗಳು. ಕುರ್ಚಿಯಲ್ಲಿ ಕೂತು ಅವುಗಳ ಮುಖ ನೋಡಬೇಕು, ಹೊತ್ತು ಹೊತ್ತಿಗೆ ಎದ್ದು ಹೋಗಿ ಒಂದೊಂದರ ಮೇಲೂ ಬೆರಳಿಟ್ಟು, ಮುಳ್ಳು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಬೆರಳಿಟ್ಟು ಓದುವುದನ್ನು ಹಳೆಯ ಆಪರೇಟರ್ ಒಬ್ಬರು ಭಾವನಿಗೆ ಕಲಿಸಿದ್ದರಂತೆ. ಅದು ಎಷ್ಟು ಅಂಟಿಕೊಂಡಿತೆಂದರೆ ಭಾವ ಪೇಪರನ್ನೂ, ಮದುವೆ ಕಾಗದವನ್ನೂ, ಬಸ್ಸಿನ ಬೋರ್ಡನ್ನೂ ಬೆರಳು ತೋರಿಸಿಯೇ ಓದುತ್ತಾರೆ. ಇನ್ನು ಎಲ್ಲಾದರೂ ಏನಾದರೂ ಕೆಟ್ಟರೆ ರೂಮಿನಲ್ಲಿ ಗಂಟೆ ಹೊಡೆಯುತ್ತದೆ. ಆಗ ಮಾತ್ರ ಅವರ ಮೈಯಲ್ಲಿ ಬೇರೆ ಮನುಷ್ಯ ಬರುತ್ತಿದ್ದ.

ಗಂಟೆಯ ಬಗ್ಗೆ ಭಾವನದು ಒಂದೇ ಮಾತು. ಚಿಕ್ಕವನಿದ್ದಾಗ ನಾನೊಮ್ಮೆ, ಗಂಟೆ ಸುಮ್ಮನೆ ಹೊಡೆದುಕೊಂಡರೆ ಏನು ಮಾಡುತ್ತೀರಿ ಎಂದು ಕೇಳಿದ್ದೆ. ಅವರು ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿದರು.

“ಗಂಟೆ ಒಡೀತು ಅಂದ್ರೆ ಎಲ್ಲೋ ಏನೋ ಆಗದೆ ಅಂತ್ಲೇ ಲೆಕ್ಕ ಕಣ್ಲಾ. ಅದ್ಕೇನು ಒತ್ತು ಓಗ್ದೆ ಒಡ್ಕಂಡದಾ?”

ಈ ನಿಯಮ ಪವರ್‌ಹೌಸಿಗೆ ಮಾತ್ರ ಇದ್ದಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಮನೆಯಲ್ಲಿ ಕುಕ್ಕರು ಒಂದು ಸೀಟಿ ಹೆಚ್ಚು ಕೂಗಿದರೆ ಭಾವ ಅಡುಗೆಮನೆಗೆ ನುಗ್ಗಿ ಗ್ಯಾಸು ಆರಿಸುತ್ತಿದ್ದರು. ಅರ್ಧ ಬೆಂದ ಬೇಳೆಯ ಸಾರು ಉಂಡು ಉಂಡು ಅಕ್ಕನಿಗೆ ಸಾಕಾಗಿತ್ತು. ಇನ್ನು ನನ್ನ ಮದುವೆಯ ಕಥೆ. ಮದ್ದೂರಿನ ಛತ್ರದಲ್ಲಿ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಫ್ಯಾನು, ದೀಪ, ಮೈಕು ಎಲ್ಲ ಸತ್ತವು. ನೋಡಿದರೆ ಭಾವ ಸ್ವಿಚ್ ಬೋರ್ಡಿನ ಕೋಣೆಯಿಂದ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಬೋರ್ಡು ಗುಯ್‌ಗುಟ್ಟುತ್ತಿತ್ತಂತೆ, ಮೇನ್ ಎಳೆದುಬಿಟ್ಟರಂತೆ. ಓಲಗದವರು ಕರೆಂಟಿಲ್ಲದೆ ಊದುವವರಾದ್ದರಿಂದ ನನ್ನ ಮದುವೆ ನಿಲ್ಲಲಿಲ್ಲ. ನಮ್ಮ ಮಾವನವರು ಸಾಯುವವರೆಗೂ ಭಾವನನ್ನು ಕಂಡಾಗಲೆಲ್ಲ ಮೊದಲು ಸ್ವಿಚ್ಚಿನ ಕಡೆ ನೋಡುತ್ತಿದ್ದರು.

ಇಷ್ಟೆಲ್ಲ ನಗುವ ಮಾತು. ನಗಲಾಗದ್ದು ಒಂದಿದೆ, ಅದನ್ನೂ ಹೇಳಬೇಕು.

ಅದೊಂದು ಮಳೆಗಾಲ. ಹೊಳೆ ತುಂಬಿ ಹರಿಯುತ್ತಿತ್ತು. ವರ್ಷದ ದುಡಿಮೆಯೆಲ್ಲ ಆಗುವ ದಿನಗಳು ಅವು. ಮಷೀನು ಒಂದು ಗಳಿಗೆ ನಿಂತರೂ ಮೇಲಿನವರಿಗೆ ಹೊಟ್ಟೆ ಉರಿಯುತ್ತದೆ. ಭಾವನ ಪಾಳಿಯಲ್ಲಿ ಗಂಟೆ ಹೊಡೆಯಿತು. ದೊಡ್ಡ ಮಷೀನಿನ ಬೇರಿಂಗ್ ಕಾದಿದೆ ಎಂಬ ಕೆಂಪು ದೀಪ ಹತ್ತಿತು. ಭಾವ ಹಿಂದುಮುಂದು ನೋಡದೆ ಮಷೀನು ನಿಲ್ಲಿಸಿದರು. ಆಗಿನ ಮ್ಯಾನೇಜರ್ ಓಡಿ ಬಂದು, ಬೇರಿಂಗ್ ಮೇಲೆ ಕೈಯಿಟ್ಟು ನೋಡಿದರೆ ತಣ್ಣಗಿದೆ. ಗಂಟೆಯ ಬಾಯಿ ಮುಚ್ಚಿಸಿ ಆ ಕೂಡಲೇ ಮಷೀನನ್ನು ಮತ್ತೆ ಓಡಿಸಿದರು. ಗಂಟೆ ಯಾಕೆ ಹೊಡೆಯಿತು ಎಂದು ಒಬ್ಬರೂ ನೋಡಲಿಲ್ಲ. ಸುಳ್ಳು ಗಂಟೆಗೆ ಹೆದರಿ ಮಷೀನು ನಿಲ್ಲಿಸಿದ ಎಂದು ಹೇಳಿ ಭಾವನನ್ನು ಕಂಟ್ರೋಲ್ ರೂಮಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಮುಂದಿನ ಮಳೆಗಾಲಕ್ಕೆ ಆಳು ಸಾಲದೆ ಮತ್ತೆ ಕರೆಸಿಕೊಂಡರು, ಅದು ಬೇರೆ ಮಾತು. ಆದರೆ ಅಷ್ಟರಲ್ಲಿ ಅವರಿಗೆ ‘ಸುಳ್‌ಗಂಟೆ ಹೊನ್ನಯ್ಯ’ ಎಂದು ಹೆಸರು ಬಿದ್ದಿತ್ತು. ನಲ್ಲಿಯ ಹತ್ತಿರ ಅಕ್ಕ ಕೊಡ ಇಟ್ಟರೆ, ಸುಳ್‌ಗಂಟೆ ಹೆಂಡತಿ ಬಂದಳು, ಜಾಗ ಬಿಡಿ ಎನ್ನುತ್ತಿದ್ದರು. ಹೇಳುವವರು ತಮಾಷೆಗೇ ಹೇಳುತ್ತಿದ್ದರು. ಅಕ್ಕ ಮನೆಗೆ ಬಂದು ಒಲೆಯ ಮುಂದೆ ಕೂತು ಅಳುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮ್ಯಾನೇಜರ್ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ನಿವೃತ್ತಿಯಾದ ಮೇಲೆ ಭಾವ, ಅಕ್ಕ ಮಳವಳ್ಳಿಯಲ್ಲಿ ಮನೆ ಮಾಡಿದರು. ಕುಕ್ಕರಿಗೆ ಕಿವಿ ಕೊಟ್ಟುಕೊಂಡು ಇದ್ದ ಮನುಷ್ಯನಿಗೆ ಹೋದ ವರ್ಷ ಪವರ್‌ಹೌಸಿನಿಂದ ಫೋನು ಬಂತು. ಮಾಲೀಕರು ಬದಲಾಗಿದ್ದರು, ಹೊಸ ಮ್ಯಾನೇಜರ್ ಬಂದಿದ್ದರು, ಹೊಸ ಹುಡುಗ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಸುರಕ್ಷತಾ ಸಪ್ತಾಹಕ್ಕೆ ಹಳಬರೊಬ್ಬರಿಂದ ಮಾತಾಡಿಸಬೇಕು, ನೀವು ಬರಬೇಕು, ಏನು ಬೇಕಾದರೂ ಮಾತಾಡಿ ಎಂದರಂತೆ. ಭಾವ ಆ ಕ್ಷಣವೇ ನನಗೆ ಫೋನು ಮಾಡಿದರು. ಏನು ಮಾತಾಡಬೇಕೆಂದು ಅವರಿಗೆ ಆಗಲೇ ಗೊತ್ತಿತ್ತು. ಆ ಮಳೆಗಾಲದ ಗಂಟೆಯ ಬಗ್ಗೆ ಮಾತಾಡಬೇಕು, ತಾನು ಮಾಡಿದ್ದು ಸರಿ ಎಂದು ಆ ಪವರ್‌ಹೌಸಿನ ಒಳಗೇ ನಿಂತು ಹೇಳಬೇಕು, ಕೂತವರು ತಲೆದೂಗಬೇಕು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದದ್ದು ಅದೊಂದೇ.

ಅಲ್ಲಿ ಈಗ ಮಾತಾಡುವವರೆಲ್ಲ ಗೋಡೆಯ ಮೇಲೆ ಅಕ್ಷರ ಬಿಟ್ಟುಕೊಂಡು ಮಾತಾಡುತ್ತಾರೆಂದು ಭಾವನಿಗೆ ತಿಳಿಯಿತು. ತಾನೊಬ್ಬ ಕಾಗದ ಹಿಡಿದುಕೊಂಡು ಹೋದರೆ ಹೊಸ ಹುಡುಗರು ಮುದುಕ ಎಂದುಕೊಂಡಾರು. ಅದಕ್ಕೆ ಮಳವಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರ ಹಸೀಬನ ಅಂಗಡಿಗೆ ಹೋಗಿ ಒಂದು ಲ್ಯಾಪ್‌ಟಾಪ್ ತಂದರು. ಹಸೀಬ್ ಬೆಂಗಳೂರಿನ ಕಂಪನಿಗಳು ಬಿಸಾಕಿದ ಲ್ಯಾಪ್‌ಟಾಪುಗಳನ್ನು ತಂದು, ರಿಪೇರಿ ಮಾಡಿ, ಹೊಳೆಯುವಂತೆ ಒರೆಸಿ ಮಾರುವವನು. ವಿಂಡೋಸ್ ಹಾಕಿದರೆ ಇದು ಕುಂಟುತ್ತದೆ, ಅದರ ಬದಲು ಲಿನಕ್ಸ್ ಹಾಕಿಕೊಟ್ಟಿದ್ದೇನೆ, ವೈರಸ್ಸಿನ ಕಾಟವೂ ಇಲ್ಲ ಎಂದ. ಪರದೆಯನ್ನು ಬೆರಳಲ್ಲಿ ಮುಟ್ಟಿಯೂ ಕೆಲಸ ಮಾಡಿಸಬಹುದು ಎಂದು ತೋರಿಸಿದ. ಭಾವ ಕನ್ನಡ ಟೈಪು ಕಲಿತದ್ದು ನೋಡಿ ನಾನೇ ಬೆರಗಾದೆ. ಒಂದೊಂದೇ ಅಕ್ಷರ ಕುಟ್ಟಿದರೂ ಕಾಗುಣಿತ ತಪ್ಪುತ್ತಿರಲಿಲ್ಲ.

ಎಲ್ಲ ಸರಿಹೋಗುತ್ತಿತ್ತು, ಎಚ್ಚರಿಕೆ ಒಂದು ಬರದೆ ಇದ್ದಿದ್ದರೆ.

ಭಾವ ಒಂದು ಸಾಲು ಟೈಪು ಮಾಡುತ್ತಾರೆ. ಅದರ ಕೆಳಗೆ ಬೆರಳಿಟ್ಟು ಜೋರಾಗಿ ಓದುತ್ತಾರೆ. ಓದಿ ಮುಗಿಯುವಷ್ಟರಲ್ಲಿ ಪರದೆಯ ನೆತ್ತಿಯಲ್ಲಿ ಒಂದು ಚೌಕ ಇಳಿಯುತ್ತದೆ. ಅದರಲ್ಲಿ ಇಂಗ್ಲಿಷಿನ ಒಂದಷ್ಟು ಅಕ್ಷರ, ಒಂದಷ್ಟು ಅಂಕಿ, ಅವುಗಳ ಮುಂದೆ, ಬ್ಯಾಟರಿ ತೀರಾ ಕಡಿಮೆಯಾಗಿದೆ, ಶೇಕಡಾ ಒಂದು. ಬೇರೆ ಯಾರಾದರೂ ಆಗಿದ್ದರೆ ಆ ಅಕ್ಷರ ಅಂಕಿ ಏನು ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಪವರ್‌ಹೌಸಿನಲ್ಲಿ ತಿರುಪು ಮೊಳೆಗೂ ಒಂದು ನಂಬರು ಇರುತ್ತದೆ; ಭಾವ ಅದನ್ನು ಬ್ಯಾಟರಿಯ ನಂಬರು ಎಂದುಕೊಂಡು ಮುಂದಿನದನ್ನು ಓದಿದರು. ಚಾರ್ಜರು ಸಿಕ್ಕಿಸಿಯೇ ಇತ್ತು. ಮೂಲೆಯಲ್ಲಿ ಬ್ಯಾಟರಿಯ ಚಿತ್ರ ತುಂಬಿದೆ ಎಂದೇ ತೋರಿಸುತ್ತಿತ್ತು. ಅದಕ್ಕೂ ಅವರ ಹತ್ತಿರ ನಿಯಮವಿತ್ತು. ಎರಡು ಮೀಟರು ಎರಡು ಮಾತು ಹೇಳಿದರೆ ಕೆಟ್ಟದ್ದನ್ನು ಹೇಳುವ ಮೀಟರನ್ನು ನಂಬಬೇಕು.

ನಂಬಿದರು. ಬರೆದದ್ದನ್ನು ಉಳಿಸಿ, ಒಂದೊಂದೇ ಕಿಟಕಿ ಮುಚ್ಚಿ, ಲ್ಯಾಪ್‌ಟಾಪ್ ಆರಿಸಿ, ಚಾರ್ಜರು ಕಿತ್ತು, ಬೆನ್ನು ಮುಟ್ಟಿ ತಣ್ಣಗಾಗುವವರೆಗೆ ಕಾದು ಮತ್ತೆ ಹಚ್ಚುತ್ತಿದ್ದರು. ಅಷ್ಟರಲ್ಲಿ ಹೇಳಬೇಕಾಗಿದ್ದ ಮಾತು ತಲೆಯಿಂದ ಹಾರಿಹೋಗಿರುತ್ತಿತ್ತು. ನೆನಪಿಸಿಕೊಂಡು ಇನ್ನೊಂದು ಸಾಲು ಕುಟ್ಟಿ, ಬೆರಳಿಟ್ಟು ಓದಿದರೆ ಮತ್ತೆ ಶೇಕಡಾ ಒಂದು. ತಿಂಗಳು ಕಳೆದ ಮೇಲೆ ನಾನು ಹೋಗಿ ನೋಡಿದರೆ ಅವರ ಭಾಷಣ ಅರ್ಧ ಪುಟವೂ ಆಗಿರಲಿಲ್ಲ. ಕೊನೆಯ ಸಾಲು ಹೀಗಿತ್ತು: ಎಚ್ಚರಿಕೆ ಬಂದ ಕೂಡಲೇ ಕೆಲಸ ನಿಲ್ಲಿಸಬೇಕು. ಅಲ್ಲಿಗೆ ಭಾಷಣವೂ ನಿಂತಿತ್ತು. ನಾನು ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ. ಭಾವ ಎದ್ದು ಹಿತ್ತಿಲಿಗೆ ಹೋದರು. ಅಕ್ಕ ನನ್ನ ತಲೆಗೆ ಒಂದು ಮೊಟಕಿದಳು.

ಹಸೀಬನ ಅಂಗಡಿಗೆ ಭಾವ ಹೋಗದ ದಿನವಿರಲಿಲ್ಲ. ಅವನು ಪಾಪ, ಬ್ಯಾಟರಿಯನ್ನೇ ಬದಲಾಯಿಸಿಕೊಟ್ಟ. ಮನೆಗೆ ತಂದು ಒಂದು ಸಾಲು ಓದುವಷ್ಟರಲ್ಲಿ ಶೇಕಡಾ ಒಂದು. ಅವನ ಮುಂದೆ ತೋರಿಸೋಣ ಎಂದು ಅಂಗಡಿಗೆ ಒಯ್ದರೆ ಅವನು ಮೌಸ್ ಹಿಡಿದು ಮಧ್ಯಾಹ್ನವೆಲ್ಲ ಓಡಿಸಿದರೂ ಎಚ್ಚರಿಕೆ ಇಲ್ಲ. ಕೊನೆಗೆ ಹಸೀಬ್, ಕೆಲವು ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಹೀಗೇ ಆಡುತ್ತದೆ, ತಲೆ ಕೆಡಿಸಿಕೊಳ್ಳಬೇಡಿ ಎಂದು ಸಮಾಧಾನ ಹೇಳಿ, ಭಾವನ ಹತ್ತಿರ ಆಡಬಾರದ ಮಾತೊಂದನ್ನು ಆಡಿದ.

“ಬುಡಿ ಸಾ, ಅದು ಸುಳ್ಳು ವಾರ್ನಿಂಗು. ಬರ್ದೇ ಇರಂಗೆ ಮುಚ್ಚಾಕ್ಕೊಡ್ತೀನಿ.”

ಸುಳ್ಳು ಎಂದದ್ದೇ ತಡ, ಭಾವ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಸರಿಯಾಗಿ ಮೆಟ್ಟದೆ ಹೊರಟು ಬಂದರಂತೆ. ಆಮೇಲೆ ಒಂದು ವಾರ ಆ ಬೀದಿಯಲ್ಲಿ ಹೋಗಲಿಲ್ಲ. ಹಸೀಬ್ ಅಕ್ಕನಿಗೆ ಫೋನು ಮಾಡಿ, ನಾನೇನು ತಪ್ಪು ಹೇಳಿದೆ ಅಮ್ಮ ಎಂದು ಕೇಳಿದನಂತೆ. ಅಕ್ಕ ಏನೆಂದು ಹೇಳಿಯಾಳು!

ಸಪ್ತಾಹ ಹತ್ತಿರ ಬಂದಾಗ ನಾನೇ ಒಂದು ಭಾನುವಾರ ಮಳವಳ್ಳಿಗೆ ಹೋದೆ. ಬೇಡವೆಂದರೂ ಕೇಳದೆ ಲ್ಯಾಪ್‌ಟಾಪ್ ಎಳೆದುಕೊಂಡು ಕೂತು, ಹೇಳಿ, ನಾನು ಬರೆಯುತ್ತೇನೆ ಎಂದೆ. ಭಾವ ಹಿಂದೆ ಕೈ ಕಟ್ಟಿಕೊಂಡು ಅತ್ತಿಂದಿತ್ತ ನಡೆಯುತ್ತಾ ಹೇಳಿದರು, ನಾನು ಕುಟ್ಟಿದೆ. ಸಂಜೆ ಕಾಫಿಯ ಹೊತ್ತಿಗೆ ಭಾಷಣ ಮುಗಿಯಿತು. ಒಂದೇ ಒಂದು ಸಲವೂ ಎಚ್ಚರಿಕೆ ಬರಲಿಲ್ಲ. ಭಾವನಿಗೆ ಖುಷಿಯಾಗುವ ಬದಲು ಮುಖ ಸಣ್ಣದಾಯಿತು. ನೀನು ಕೂತರೆ ಬರುವುದಿಲ್ಲ, ಹಸೀಬ್ ಕೂತರೆ ಬರುವುದಿಲ್ಲ, ನಾನು ಕೂತರೆ ಮಾತ್ರ ಬರುತ್ತದೆ ಎಂದರು. ಲ್ಯಾಪ್‌ಟಾಪಿಗೂ ಯಾರು ಹೆದರುತ್ತಾರೆಂದು ಗೊತ್ತಾಗುತ್ತದೆ ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ. ಅವರ ಭಯ ಏನೆಂದು ಆಗ ನನಗೂ ಹೊಳೆಯಿತು. ಅಲ್ಲಿ, ಅಷ್ಟು ಜನರ ಮುಂದೆ, ಗಂಟೆ ಸುಳ್ಳು ಹೇಳುವುದಿಲ್ಲ ಎಂದು ಇವರು ಹೇಳುತ್ತಿರುವಾಗಲೇ ಅದು ಬಂದುಬಿಟ್ಟರೆ?

ಅಕ್ಕನೂ ಅದನ್ನೇ ಯೋಚಿಸಿದ್ದಳು. ರಾತ್ರಿ ಮುದ್ದೆ ಬಡಿಸುತ್ತಾ, “ಅದೊಂದಿನ ಅದ್ರ ಬಾಯಿ ಮುಚ್ಸಿ ಅಂದ್ರೆ ನಿಮ್ಗೆ ಏನ್ ಬಂದದೆ? ಹಸೀಬ ಮಾಡ್ಕೊಡ್ತೀನಿ ಅಂದವ್ನೆ. ಇನ್ನೊಂದ್ಸಲ ಅಲ್ಲಿ ನಗಾಡುಸ್ಕಬೇಕಾ ನಾವು?” ಎಂದಳು.

ಭಾವ ಮುದ್ದೆ ಮುರಿದವರು ಅದ್ದಲು ಮರೆತು ಕೂತರು. ಆಮೇಲೆ, ಬಾಯಿ ಮುಚ್ಚಿಸಿಕೊಂಡು ಹೋಗಿ ಅಲ್ಲಿ ಏನು ಮಾತಾಡಲಿ ಎಂದಷ್ಟೇ ಕೇಳಿದರು. ಅಕ್ಕ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಭಾಷಣದ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ಹಳೆಯ ನಲ್ಲಿಯ ಮುಂದೆ ಹಾದುಹೋಗುವಾಗ ಸೆರಗು ಸರಿಮಾಡಿಕೊಂಡು ತಲೆ ಎತ್ತಿ ನಡೆದಳು. ಅಲ್ಲಿ ಅವಳನ್ನು ಗುರುತಿಸುವವರು ಒಬ್ಬರೂ ಉಳಿದಿರಲಿಲ್ಲ. ಕ್ವಾರ್ಟರ್ಸಿನ ಪಕ್ಕದ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಹೊಸ ಮ್ಯಾನೇಜರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು; ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಲ್ಯಾಪ್‌ಟಾಪಿನಲ್ಲಿರುವುದೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂತೆ ಮಾಡಿದ್ದರು.

ಭಾವ ಚೆನ್ನಾಗಿಯೇ ಶುರುಮಾಡಿದರು. ಬರೆದದ್ದನ್ನು ಬಿಟ್ಟು ನಡುನಡುವೆ ತಮ್ಮದೇ ಮಾತು ಸೇರಿಸಿದರು. ಕುಕ್ಕರಿನ ಕಥೆ, ನನ್ನ ಮದುವೆಯ ಕಥೆ ಎರಡನ್ನೂ ಹೇಳಿದರು; ನನ್ನ ಕಡೆ ಬೆರಳು ತೋರಿಸಿಯೇ ಹೇಳಿದರು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಲೇಬೇಕಾಯಿತು. ಆಮೇಲೆ ಮಳೆಗಾಲದ ಆ ಗಂಟೆಗೆ ಬಂದರು. ಈ ಭಾಗ ಒಂದಕ್ಷರವೂ ತಪ್ಪಬಾರದೆಂದು ಅವರು ಲ್ಯಾಪ್‌ಟಾಪಿನ ಮೇಲೆ ಬಾಗಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. “ಗಂಟೆ ಎಂದೂ ಸುಳ್ಳು ಹೇಳುವುದಿಲ್ಲ” ಎಂಬ ಸಾಲಿನ ಕೊನೆಗೆ ಬೆರಳು ಬಂತು. ಗೋಡೆಯ ನೆತ್ತಿಯಲ್ಲಿ, ಆಳೆತ್ತರದಲ್ಲಿ, ಆ ಚೌಕ ಇಳಿಯಿತು. ಬ್ಯಾಟರಿ ತೀರಾ ಕಡಿಮೆಯಾಗಿದೆ. ಶೇಕಡಾ ಒಂದು.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಕಿಸಕ್ಕೆಂದ. ಚಾರ್ಜರು ಸಿಕ್ಕಿಸಿರುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು, ಬಳೆ ಒತ್ತಿ ನೋಯುವಷ್ಟು. ನನಗೆ ಆ ಹುಡುಗನ ಕಿವಿ ಹಿಂಡಬೇಕೆನಿಸಿತು.

ಭಾವ ನೆಟ್ಟಗೆ ನಿಂತರು. “ನಿಲ್ಲುಸ್ಬೇಕು ಅಂತ ನಾನೇ ಯೋಳಿವ್ನಿ. ಈಗ ನಿಲ್ಲುಸ್ತೀನಿ,” ಎಂದು ಹೇಳಿ ಲ್ಯಾಪ್‌ಟಾಪ್ ಆರಿಸಲು ಕೈ ಹಾಕಿದರು.

ಆಗ ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮಾಹೀನ್ ಎಂದು ಹೆಸರು, ಮಂಡ್ಯದವಳು, ಡಿಪ್ಲೊಮಾ ಮುಗಿಸಿ ಆಪರೇಟರ್ ಆಗಿ ಸೇರಿ ಹೆಚ್ಚು ದಿನವಾಗಿರಲಿಲ್ಲ.

“ಸರ್, ದಯವಿಟ್ಟು ಆಫ್ ಮಾಡಬೇಡಿ. ಆಫ್ ಮಾಡಿದ್ರೆ ಯಾಕೆ ಬಂತು ಅಂತ ಗೊತ್ತಾಗಲ್ಲ.”

ಭಾವನ ಕೈ ಗಾಳಿಯಲ್ಲೇ ನಿಂತಿತು. ಅವರ ಜೀವಮಾನದಲ್ಲಿ ಗಂಟೆ ಹೊಡೆದ ಮೇಲೆ ಕೈ ಹಾಗೆ ನಿಂತದ್ದು ಅದೇ ಮೊದಲಿರಬೇಕು. ಹುಡುಗಿಯ ಮುಖವನ್ನೇ ನೋಡುತ್ತಿದ್ದರು. ನಾನು, ಈಗ ಗದರುತ್ತಾರೆ ಎಂದುಕೊಂಡೆ. ಅವರು ಕೈ ಇಳಿಸಿ, ಪಕ್ಕಕ್ಕೆ ಸರಿದು, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು.

ಮಾಹೀನ್ ಕೂತು, ಈ ಎಚ್ಚರಿಕೆ ಯಾವಾಗೆಲ್ಲ ಬರುತ್ತದೆ ಎಂದು ಕೇಳಿದಳು. ತಾನು ಕೂತಾಗ ಮಾತ್ರ ಬರುತ್ತದೆ, ಬಾಮೈದ ಕೂತರೆ ಬರುವುದಿಲ್ಲ ಎಂದರು ಭಾವ. ನೀವು ಬೆರಳಿಟ್ಟು ಓದುತ್ತೀರಿ, ಅವರೂ ಹಾಗೆ ಓದುತ್ತಾರಾ ಎಂದು ಅವಳು ಕೇಳಿದಳು. ಇಲ್ಲವೆಂದು ನಾನು ಕೂತಲ್ಲಿಂದಲೇ ಹೇಳಿದೆ. ಅವಳು ಪರದೆಯನ್ನು ಬೆರಳಿಂದ ಮುಟ್ಟಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಬೆರಳಿಟ್ಟು ಭಾವನ ಹಾಗೆ ಸಾಲಿನುದ್ದಕ್ಕೂ ಎಳೆದಳು. ಚೌಕ ಇಳಿಯಿತು. ಶೇಕಡಾ ಒಂದು. ಭಾವನ ಬಾಯಿ ತೆರೆದುಕೊಂಡಿತು.

ಆಮೇಲೆ ಅವಳು ಕರಿಯ ಕಿಟಕಿಯೊಂದನ್ನು ತೆರೆದು ಏನೋ ಟೈಪು ಮಾಡಿದಳು. ಈ ಲ್ಯಾಪ್‌ಟಾಪು ತನ್ನ ಹತ್ತಿರ ಯಾವ ಯಾವ ಬ್ಯಾಟರಿ ಇದೆ ಎಂದುಕೊಂಡಿದೆಯೋ ಅವೆಲ್ಲ ಗೋಡೆಯ ಮೇಲೆ ಬಂದವು. ಒಂದು ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ, ಹೆಚ್ಚುಕಡಿಮೆ ಪೂರ್ತಿ ತುಂಬಿದೆ. ಅದರ ಕೆಳಗೆ ಇನ್ನೊಂದು. ಭಾವ ಬ್ಯಾಟರಿಯ ನಂಬರು ಎಂದುಕೊಂಡಿದ್ದ ಅಕ್ಷರ ಅಂಕಿಗಳು ಅದರ ಮುಂದಿದ್ದವು. ಅದು ಪೆನ್ನಿನ ಬ್ಯಾಟರಿ, ಶೇಕಡಾ ಒಂದು ಉಳಿದಿದೆ ಎಂದಿತ್ತು.

ಯಾವ ಪೆನ್ನು ಎಂದು ಎಲ್ಲರೂ ಹುಡುಕತೊಡಗಿದರು. ಒಬ್ಬ ಮೇಜಿನ ಕೆಳಗೆ ಬಗ್ಗಿದ. ಮ್ಯಾನೇಜರು ತಮ್ಮ ಜೇಬಿನ ಪೆನ್ನನ್ನು ಮುಟ್ಟಿ ನೋಡಿಕೊಂಡರು. ಮಾಹೀನ್ ನಗು ತಡೆದುಕೊಂಡು ವಿವರಿಸಿದಳು. ಇಂಥ ಪರದೆಯ ಮೇಲೆ ಬರೆಯಲು ಬ್ಯಾಟರಿ ಇರುವ ಪೆನ್ನು ಬರುತ್ತದಂತೆ. ಈ ಲ್ಯಾಪ್‌ಟಾಪಿನ ಜೊತೆ ಅಂಥ ಪೆನ್ನು ಬರಲೇ ಇಲ್ಲ. ಆದರೆ ಪರದೆ ಮಾತ್ರ ತನಗೊಂದು ಪೆನ್ನಿದೆ ಎಂದು ಲಿನಕ್ಸಿಗೆ ಹೇಳುತ್ತದೆ. ಬೆರಳು ಆಡಿದಾಗ, ಆ ಪೆನ್ನಿನ ಬ್ಯಾಟರಿ ಎಷ್ಟಿದೆ ಎಂದು ತಪ್ಪು ಲೆಕ್ಕ ಕೊಡುತ್ತದೆ. ಲಿನಕ್ಸು ಅದನ್ನು ನಂಬಿ ಎಚ್ಚರಿಸುತ್ತದೆ. ಹೊಸ ಆವೃತ್ತಿ ಹಾಕಿಕೊಂಡರೆ ಬಹುಶಃ ಇದು ನಿಲ್ಲುತ್ತದೆ, ಸದ್ಯಕ್ಕೆ ಆ ಪೆನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಒಂದು ಸಾಲು ಬರೆದರೂ ಸಾಕು ಎಂದಳು.

ಭಾವ ಬಂದು ಪರದೆಯ ಮೇಲೆ ಬೆರಳು ಎಳೆದರು. ಚೌಕ ಬಂತು. ಮತ್ತೆ ಎಳೆದರು, ಮತ್ತೆ ಬಂತು. ಅವರು ಆ ಚೌಕವನ್ನು ನೋಡಿ ನಗುವುದನ್ನು ನಾನು ಮೊದಲ ಸಲ ಕಂಡೆ. “ಇಲ್ದಿರೋ ಪೆನ್ನಿಗೆ ಇಷ್ಟ್ ದಿಸದಿಂದ ಕಾವ್ಲು ಕಾಯ್ತಾ ಕುಂತಿತ್ತಲ್ಲ, ಪಾಪ,” ಎಂದರು. ಕೋಣೆಯೆಲ್ಲ ನಕ್ಕಿತು. ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನನ್ನ ಕೈ ಮಾತ್ರ ಬಿಟ್ಟಿರಲಿಲ್ಲ.

ನಗು ಇಳಿಯುತ್ತಿದ್ದಂತೆ ಹಿಂದಿನ ಸಾಲಿನ ಆ ಕಿಸಕ್ಕೆಂದ ಹುಡುಗನೇ ಎದ್ದು ನಿಂತ. ಗೇಲಿಗೆ ಕೇಳಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ. ಆ ಮಳೆಗಾಲದಲ್ಲಿ ಹೊಡೆದ ಗಂಟೆಗೆ ಏನು ಕಾರಣವಿತ್ತು, ನೀವು ಮಷೀನು ನಿಲ್ಲಿಸಿದ್ದು ಸರಿಯಾ ತಪ್ಪಾ ಎಂದ.

ಇದಕ್ಕೆ ಉತ್ತರ ಕೊಡಲೆಂದೇ ಭಾವ ಇಷ್ಟು ವರ್ಷ ಕಾದಿದ್ದದ್ದು. ಕೊನೆಯ ಪುಟದಲ್ಲಿ ಆ ಉತ್ತರವನ್ನು ದೊಡ್ಡ ಅಕ್ಷರದಲ್ಲಿ ನಾನೇ ಬರೆದಿದ್ದೆ. ಅಕ್ಕ ಮುಂದಕ್ಕೆ ಬಾಗಿದಳು. ಭಾವ ಗೋಡೆಯ ಮೇಲಿನ ಆ ಎರಡು ಬ್ಯಾಟರಿಗಳನ್ನೇ ನೋಡುತ್ತಾ ನಿಂತರು.

“ಗೊತ್ತಿಲ್ಲ ಕಣಪ್ಪ,” ಎಂದರು. “ಯಾರೂ ಉಡುಕ್ಲಿಲ್ಲ. ಅವ್ರ್ ಉಡುಕ್ಲಿಲ್ಲ ಅಂತ ಇಷ್ಟು ವರ್ಸ ಅವ್ರ್ ಮೇಲೆ ಸಿಟ್ಟಾಗಿದ್ದೆ. ಮುಂದ್ಲೊರ್ಸ ನನ್ನ ಅದೇ ರೂಮ್ಗೆ ಕರ್ಕಂಡ್ರು. ಆ ಗಂಟೆ ನನ್ನೆದ್ರುಗೇ ಇತ್ತು. ನಾನೂ ಉಡುಕ್ಲಿಲ್ಲ. ನಿಲ್ಸಿದ್ನಲ್ಲ, ನನ್ ಕೆಲ್ಸ ಮುಗೀತು ಅಂದ್ಕಂಡ್ಬುಟ್ಟೆ. ಈ ಮಗ ಬಂದು ಕೂತ್ಕಂಡು ಉಡುಕುದ್ಲು ನೋಡಿ, ಅದು ನಾವು ಮಾಡ್ಬೇಕಾಗಿದ್ ಕೆಲ್ಸ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವ ಮಾತಾಗಿರಲಿಲ್ಲ ಅದು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಭಾವ ಮಾಹೀನ್ ಕಡೆ ತಿರುಗಿ, ಕಾರಣ ಸಿಕ್ಕಿತಲ್ಲ, ಈಗ ಬಾಯಿ ಮುಚ್ಚಿಸಬಹುದು ಎಂದರು. ಅವಳು ಆ ಒಂದು ಸಾಲು ಬರೆದು, ಕೊನೆಯ ಗುಂಡಿ ನೀವೇ ಒತ್ತಿ ಸರ್ ಎಂದು ಎದ್ದಳು. ಭಾವ ಒತ್ತಿದರು. ಆಮೇಲೆ ಪರದೆಯ ಮೇಲೆ ಎಷ್ಟು ಬೆರಳಾಡಿಸಿದರೂ ಏನೂ ಬರಲಿಲ್ಲ. ಆಗ ಚಪ್ಪಾಳೆ ಬಿತ್ತು.

ಕೊನೆಯ ಪುಟವನ್ನು ಅವರು ತೆರೆಯಲೇ ಇಲ್ಲ. ಊಟದ ಹೊತ್ತಿಗೆ ಹುಡುಗರು ಅವರನ್ನು ಸುತ್ತುವರಿದು ಕೂತಿದ್ದರು. ಆ ಗಂಟೆಯ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಮಳೆಯ ನೀರು ಎಲ್ಲಿಯಾದರೂ ಸೇರಿರಬಹುದೇ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಭಾವ ಪಾಯಸದ ಲೋಟ ಕೈಯಲ್ಲಿ ಹಿಡಿದುಕೊಂಡು ಎಲ್ಲರ ಮಾತಿಗೂ ಹೂಂ, ಇರಬಹುದು, ಇರಬಹುದು ಎನ್ನುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ತಡೆಯದೆ ಕೇಳಿಯೇಬಿಟ್ಟಳು.

“ಅಷ್ಟು ಜನ್ರ ಮುಂದೆ ನಾನ್ ಮಾಡಿದ್ದು ಸರಿ ಅಂತ ಒಂದ್ ಮಾತು ಯೋಳಕ್ಕಾಗ್ನಿಲ್ವಾ ನಿಮ್ಗೆ?”

“ಗೊತ್ತಿಲ್ದಿದ್ನ ಎಂಗ್ ಯೋಳ್ಲಿ ಕಣಮ್ಮಿ. ಸರೀನೂ ಇರ್ಬೋದು, ತಪ್ಪೂ ಇರ್ಬೋದು,” ಎಂದರು ಭಾವ.

ಅಷ್ಟು ಹೇಳಿ ಅಕ್ಕನ ಹೆಗಲಿಗೆ ತಲೆಯಿಟ್ಟರು. ಬಸ್ಸು ಹತ್ತಿದರೆ ಎಂಜಿನ್ನಿನ ಸದ್ದು ಕೇಳುತ್ತಾ, ಡ್ರೈವರಿಗಿಂತ ಎಚ್ಚರವಾಗಿ ಕೂರುವ ಮನುಷ್ಯ ಅವರು. ಅವತ್ತು ಗಾಡಿ ಹೊರಟ ಸ್ವಲ್ಪ ಹೊತ್ತಿಗೇ ಗೊರಕೆ ಕೇಳಿಸಿತು. ಅಕ್ಕ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಅವರ ಕಿವಿಯ ಹತ್ತಿರವೇ ನಿಂತು ಸೀಟಿ ಊದಿದ. ಭಾವ ಏಳಲಿಲ್ಲ.